ನಾನು ಸಿದ್ದಪ್ಪನಾಗಿದ್ದ ಮನೆ

ಮೊನ್ನೆ ಕಡೂರಿನ ಬಸ್ ನಿಲ್ದಾಣದಲ್ಲಿ ತರೀಕೆರೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಹಿಂದಿನಿಂದ ಒಂದು ಮುದಿ ದನಿ ಕೇಳಿಸಿತು. "ಲೇ ಬಸಣ್ಣ, ಬ್ಯಾಗ್ ಇಲ್ಲೇ ಬಿಟ್ಟು ಎತ್ಲಾಗೋ ಹೊಂಟೆ, ಬಾರೋ ಇಲ್ಲಿ." ಯಾವ ಹುಡುಗನಪ್ಪ ಎಂದು ತಿರುಗಿ ನೋಡಿದರೆ, "ಬಂದೆ ಕಣಜ್ಜಿ" ಎನ್ನುತ್ತ ಓಡಿಬಂದವಳು ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡಿದ್ದ, ಯೂನಿಫಾರ್ಮಿನ ಹುಡುಗಿ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗರು ಕಿಸಕ್ಕನೆ ನಕ್ಕರು. ಅವಳಿಗೆ ಮಾತ್ರ ಅದರಲ್ಲಿ ವಿಶೇಷವೇನೂ ಕಂಡಂತಿರಲಿಲ್ಲ. ಬ್ಯಾಗನ್ನು ಹೆಗಲಿಗೇರಿಸಿ, ಅಜ್ಜಿಯ ಸೆರಗಿನಲ್ಲೇ ಮುಖ ಒರೆಸಿಕೊಂಡು ನಿಂತಳು. ನನಗೆ ನಗು ಬರಲಿಲ್ಲ. ಎಷ್ಟೋ ವರ್ಷಗಳಿಂದ ಒಳಗೆಲ್ಲೋ ಮಲಗಿದ್ದ ಒಂದು ಮನೆ ಎದ್ದು ಕೂತ ಹಾಗಾಯಿತು. ಅಟ್ಟದ ಮೇಲೆ ಹರವಿದ್ದ ಕೊಬ್ಬರಿಯ ಜಿಡ್ಡು ವಾಸನೆ, ಬೆಳಗಿನ ಹೊತ್ತು ಹಣೆಗೆ ತಾಕುತ್ತಿದ್ದ ತಣ್ಣನೆಯ ವಿಭೂತಿ, ಕೊಟ್ಟಿಗೆಯಿಂದ ಬರುತ್ತಿದ್ದ ಗಂಟೆಯ ಸದ್ದು ಎಲ್ಲ ಒಟ್ಟಿಗೇ ಬಂದವು. ಬಸ್ಸು ಬಂತು, ಹೋಯಿತು. ನಾನು ನಿಂತೇ ಇದ್ದೆ.

ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಗಂಡನ ಮನೆಯಲ್ಲಿ ನನ್ನ ಹೆಸರು ಸರೋಜ. ಆದರೆ ಹುಟ್ಟಿದ ಮನೆಯಲ್ಲಿ ನಾನು ಸಿದ್ದಪ್ಪ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು "ಸರೋಜ" ಎಂದು ಕೂಗಿದಾಗ, ಇದ್ಯಾರಪ್ಪ ಸರೋಜ, ಪಾಪ ಇವತ್ತು ಬಂದಿಲ್ಲವೇನೋ ಅಂತ ನಾನೂ ಎಲ್ಲರ ಜೊತೆ ಅತ್ತಿತ್ತ ನೋಡಿದವಳು. ನಮ್ಮ ಸೀಮೆಯಲ್ಲಿ ಇದೇನೂ ಅಪರೂಪವಲ್ಲ, ನಿಮ್ಮ ಮನೆಯಲ್ಲೂ ಒಬ್ಬಳು ಪುಟ್ಟಣ್ಣನೋ ಗುಂಡಣ್ಣನೋ ಇದ್ದಿರಬೇಕು. ತರೀಕೆರೆಯ ನಮ್ಮ ಚಿಕ್ಕಮ್ಮನಿಗೆ ಮಕ್ಕಳು ದಕ್ಕುತ್ತಿರಲಿಲ್ಲ. ಕೊನೆಗೆ ಹುಟ್ಟಿದ ಹೆಣ್ಣುಮಗುವನ್ನು ಪಕ್ಕದ ಮನೆಯವರಿಗೆ ಒಂದು ಮೊರ ತೌಡಿಗೆ ಮಾರಿ, ಮತ್ತೆ ಕೊಂಡು ತಂದು, ಯಾರ ಕಣ್ಣೂ ಬೀಳದಿರಲೆಂದು ಕೆಂಚಣ್ಣ ಅಂತ ಕರೆದರು. ಕೆಂಚಣ್ಣ ಈಗ ಮೂರು ಮೊಮ್ಮಕ್ಕಳ ಅಜ್ಜಿ, ಕಲ್ಲು ತಿಂದು ಕರಗಿಸಿಕೊಳ್ಳುವಷ್ಟು ಗಟ್ಟಿಮುಟ್ಟಾಗಿದ್ದಾಳೆ. ಹೀಗೆ ಒಬ್ಬೊಬ್ಬಳ ಹೆಸರಿಗೆ ಒಂದೊಂದು ಕಾರಣ. ನನ್ನ ಹೆಸರಿಗೆ ಕಾರಣ ಒಂದು ಎತ್ತು.

ನಮ್ಮೂರು ಕಡೂರಿನಿಂದ ಎಮ್ಮೆದೊಡ್ಡಿ ಕಡೆಗೆ ಹೋಗುವ ದಾರಿಯಲ್ಲಿತ್ತು. ಅಮೃತಮಹಲ್ ದನಗಳು ಮೇಯುವ ಕಾವಲು ಅಲ್ಲಿಂದ ದೂರವಿಲ್ಲ. ಆ ದನಗಳನ್ನು ನೋಡುತ್ತಲೇ ಬೆಳೆದ ನನ್ನ ಅಜ್ಜ, ಅಪ್ಪನ ಅಪ್ಪ, ಸಿದ್ದಪ್ಪನಿಗೆ ಎತ್ತು ಎಂದರೆ ಪ್ರಾಣ. ಮಕ್ಕಳಿಗೆ ಜ್ವರ ಬಂದರೆ "ಕಷಾಯ ಕೊಡ್ರಿ" ಎಂದು ಹೊಲಕ್ಕೆ ಹೋಗುತ್ತಿದ್ದ ಮನುಷ್ಯ, ಎತ್ತು ಒಂದು ಹೊತ್ತು ಹುಲ್ಲು ಬಿಟ್ಟರೆ ತಾನೂ ಊಟ ಬಿಡುತ್ತಿದ್ದನಂತೆ. ಸಿಟ್ಟು ಮೂಗಿನ ತುದಿಯಲ್ಲಿ. ಆದರೆ ಹಾಲು ಉಕ್ಕಿದ ಹಾಗೆ ಉಕ್ಕಿ, ಅಷ್ಟೇ ಬೇಗ ಇಳಿಯುವ ಸಿಟ್ಟು ಅದು ಎಂದು ಅಜ್ಜಿ ಹೇಳುತ್ತಿದ್ದಳು. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಅಣ್ಣ ಅಜ್ಜಂಪುರದಿಂದ ಬಂದು, ಬಿತ್ತನೆಗೆ ಅಜ್ಜನ ಜೋಡಿ ಎತ್ತು ಕೇಳಿದರು. ಹೊಸ ಬೀಗರು, ಇಲ್ಲವೆನ್ನಲು ಬಾಯಿ ಬರಲಿಲ್ಲ. ಅಜ್ಜಂಪುರದ ಹೊಲದಲ್ಲೊಂದು ಹಾಳು ಬಾವಿ ಇತ್ತು. ಅದರ ಅಂಚು ಕುಸಿದು ಒಂದು ಎತ್ತಿನ ಮುಂಗಾಲು ಮುರಿಯಿತು, ಆಮೇಲೆ ಅದು ಉಳಿಯಲಿಲ್ಲ. ಸುದ್ದಿ ಕೇಳಿ ಹೋದ ಅಜ್ಜ, ಬದುಕಿದ್ದ ಒಂಟಿ ಎತ್ತಿನ ಹಗ್ಗ ಹಿಡಿದು ಅಷ್ಟೂ ದಾರಿ ನಡೆದೇ ಬಂದ. ಮನೆಯ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ, "ಇನ್ಮೇಲೆ ನಮ್ಮನೆಯೋರು ಯಾರೂ ಆ ಮನೆ ಹೊಸ್ತಿಲು ತುಳೀಕೂಡ್ದು, ಆ ಮನೆ ನೀರು ಮುಟ್ಟಕೂಡ್ದು. ಅವರೂ ಈ ಕಡೆ ಬರಕೂಡ್ದು. ಇದು ನನ್ನ ಮಾತು" ಎಂದ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅವ್ವನಿಗೆ ತನ್ನ ತವರು ಮುಗಿಯಿತೆಂದು ಗೊತ್ತಾದದ್ದು ಹಾಗೆ. ಹೊಟ್ಟೆಯಲ್ಲಿ ಆಗಲೇ ನಾನಿದ್ದೆ.

ಇನ್ನಾರು ತಿಂಗಳು ಬದುಕಿದ್ದರೆ ಅಜ್ಜನೇ ಗಾಡಿ ಕಟ್ಟಿ ಸೊಸೆಯನ್ನು ತವರಿಗೆ ಕಳಿಸುತ್ತಿದ್ದ. ಇದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ಒಂದು ದಿನ ಹೊಲದಲ್ಲಿ ಬಿದ್ದವನಿಗೆ ಬಲಗೈ ಹೋಯಿತು, ಮಾತು ಹೋಯಿತು. ಕೆಲವೇ ದಿನಗಳಲ್ಲಿ ಅವನೂ ಹೋದ. "ಸಿಟ್ಟಲ್ಲಿ ಕೊಯ್ದ ಮೂಗು ಶಾಂತ ಆದ್ಮೇಲೆ ಬತ್ತೈತಾ" ಎಂದು ಅಜ್ಜಿ ಅತ್ತದ್ದು ಗಂಡ ಸತ್ತದ್ದಕ್ಕೆ ಮಾತ್ರ ಅಲ್ಲ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಬೇಕಾಗಿದ್ದ ಅವ್ವ ಹೋಗುವಂತಿರಲಿಲ್ಲ. ನಾನು ನಮ್ಮ ಮನೆಯ ಕತ್ತಲೆ ಕೋಣೆಯಲ್ಲೇ ಹುಟ್ಟಿದೆ. ನನ್ನ ಎಡಗಿವಿಯ ಹಿಂದೆ ಅಜ್ಜನಿಗೆ ಇದ್ದಲ್ಲೇ ಒಂದು ಮಚ್ಚೆ ಇತ್ತಂತೆ. ಅಜ್ಜಿ ಅದನ್ನು ನೋಡಿದವಳೇ, ಬಂದರು ಅಂದಳು. ಹೆಣ್ಣಲ್ಲವೇ ಎಂದು ಯಾರೋ ರಾಗ ಎಳೆದರೆ, "ಗಂಡೇ ಆಗಿ ಬರ್ಬೇಕು ಅಂತ ಯಾರು ಬರೆದಿಟ್ಟವ್ರೆ? ಬೇಗ ಬರ್ಬೇಕಿತ್ತು, ಸಿಕ್ಕಿದ ಗಾಡಿ ಹತ್ಕಂಡು ಬಂದವ್ರೆ" ಎಂದು ಬಾಯಿ ಮುಚ್ಚಿಸಿದಳು. ಹಾಗೆ ನಾನು ಸಿದ್ದಪ್ಪನಾದೆ.

ಹೆಸರೇನೋ ಇಟ್ಟರು, ಅದನ್ನು ಕರೆಯುವುದು ಹೇಗೆ? ಆ ಕಾಲದ ಹೆಂಗಸರು ಗಂಡನ ಹೆಸರು, ಮಾವನ ಹೆಸರು ಬಾಯಲ್ಲಿ ತರುತ್ತಿರಲಿಲ್ಲ. ಆದ್ದರಿಂದ ಅಜ್ಜಿಗೆ ನಾನು 'ಇವರು'. "ಇವರಿಗೆ ಹಾಲು ಕೊಟ್ರಾ, ಇವರು ಯಾಕೆ ಇನ್ನೂ ಮಲಗವ್ರೆ" ಎನ್ನುವಳು. ದೊಡ್ಡಪ್ಪನಿಗೆ ನಾನು 'ಅಪ್ಪಯ್ಯ'. ನನ್ನ ಅಪ್ಪ ಸ್ವಲ್ಪ ಧೈರ್ಯವಂತ, ಸಿದ್ದು ಅನ್ನುತ್ತಿದ್ದ. ಇನ್ನು ನನ್ನ ಹೆತ್ತ ಅವ್ವ, ತನ್ನ ಸೊಂಟದ ಮೇಲಿನ ಮಗುವನ್ನು ಮಾವಾರು ಎಂದು ಕರೆದಳು. ಬಹುವಚನ ಬೇರೆ. "ಮಾವಾರೇ, ಏಳಿ, ಸ್ಕೂಲಿಗೆ ಹೊತ್ತಾಯ್ತು." "ಮಾವಾರೇ, ಮೂಗು ಒರೆಸ್ಕಳಿ." ಮೊದಮೊದಲು ಇದು ತಮಾಷೆಯಾಗಿತ್ತಂತೆ, ಆಮೇಲೆ ಅಭ್ಯಾಸವಾಯಿತು. ಅವ್ವನಿಗೆ ನನ್ನನ್ನು ಹೊಡೆಯಲು ಕೈ ಬರುತ್ತಿರಲಿಲ್ಲ. ಬಹಳ ಕೋಪ ಬಂದರೆ ಗೋಡೆಗೆ ಹೇಳುವಳು, "ಮಾವಾರು ಇವತ್ತು ಬಾಳ ಆಟ ಆಡ್ತಾವ್ರೆ." ಒಮ್ಮೆ ಕಡೂರು ಸಂತೆಯಲ್ಲಿ ಅವ್ವನ ಕೈ ಬಿಡಿಸಿಕೊಂಡು ನಾನು ಬಳೆಗಾರನ ಹಿಂದೆ ಹೋಗಿಬಿಟ್ಟೆ. ಅವ್ವ "ಮಾವಾರೇ, ಮಾವಾರೇ" ಎಂದು ಅಳುತ್ತ ಸಂತೆಯೆಲ್ಲ ಸುತ್ತಿದಳು. ಜನ ಪಾಪ, ಸೊಸೆಯ ಜೊತೆ ಬಂದು ದಾರಿ ತಪ್ಪಿದ ಮುದುಕನಿಗಾಗಿ ಕಾಫಿ ಅಂಗಡಿಗಳಲ್ಲಿ ಹುಡುಕುತ್ತಿದ್ದರು. ತೆಂಗಿನಕಾಯಿ ವ್ಯಾಪಾರಿಯೊಬ್ಬ, "ರುಮಾಲು ಸುತ್ತಿದ್ರೇನಮ್ಮ ನಿಮ್ಮ ಮಾವಾರು?" ಎಂದು ಕೇಳಿದ್ದಕ್ಕೆ ಅವ್ವ, "ಇಲ್ಲಣ್ಣ, ಹೂವಿನ ಲಂಗ ಹಾಕಿದ್ರು" ಅಂದಳಂತೆ. ಈ ಕಥೆ ಹೇಳಿ ಹೇಳಿ ಅಪ್ಪ ಕಣ್ಣಲ್ಲಿ ನೀರು ಬರುವವರೆಗೂ ನಗುತ್ತಿದ್ದ.

ಹೆಸರಿನ ಜೊತೆ ಯಜಮಾನಿಕೆಯೂ ಬಂತು ನೋಡಿ. ಪಡಸಾಲೆಯ ಕಂಬದ ಬುಡದಲ್ಲಿ ಅಜ್ಜ ಕೂರುತ್ತಿದ್ದ ಮಣೆ ನನ್ನದು. ಬಿಸಿ ಮುದ್ದೆ ಮೊದಲು ಬೀಳುತ್ತಿದ್ದದ್ದು ನನ್ನ ತಟ್ಟೆಗೆ, ಆಮೇಲೆ ದೊಡ್ಡಪ್ಪನಿಗೆ, ಅಪ್ಪನಿಗೆ. ಬೆಳಿಗ್ಗೆ ಅಜ್ಜಿ ಹಣೆಗೆ ಮೂರು ಬೆರಳಿನ ವಿಭೂತಿ ಎಳೆಯುವಾಗ ನಾನು ಅಜ್ಜನ ಹಾಗೆ ಗಂಟಲು ಸರಿಮಾಡಿಕೊಳ್ಳಬೇಕು, ಅವಳು ನಗಬೇಕು. ಮುಂಗಾರು ಬಿದ್ದು ರಾಗಿ ಬಿತ್ತುವ ದಿನ ದೊಡ್ಡಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ದೊಡ್ಡಪ್ಪ ಬಿಗಿ ಮನುಷ್ಯ, ನಗು ಕಡಿಮೆ, ಹೆತ್ತಪ್ಪನ ಮಾತನ್ನು ದೇವರ ಮಾತಿನ ಹಾಗೆ ನಡೆಸಿಕೊಂಡು ಬಂದವರು. ಅಂಥವರು ಹೊಲದ ಬದುವಿನಲ್ಲಿ ನನ್ನನ್ನು ಇಳಿಸಿ, ಚಪ್ಪಲಿ ಕಳಚಿ, "ಹಾಕಪ್ಪಯ್ಯ, ನಿನ್ನ ಕೈಗುಣ" ಎನ್ನುತ್ತಿದ್ದರು. ನಾನು ಮೊದಲ ಹಿಡಿ ಬೀಜ ಚೆಲ್ಲಿದ ಮೇಲೇ ಉಳಿದವರ ಕೈ. ಬೆಳೆ ಚೆನ್ನಾಗಿ ಬಂದರೆ ಮೆಚ್ಚುಗೆ ನನಗೆ, ಕೆಟ್ಟರೆ ಬೈಗುಳ ಮಳೆಗೆ. ಇಷ್ಟು ಸುಖದ ಯಜಮಾನಿಕೆ ನಮ್ಮ ತಾಲ್ಲೂಕಿನಲ್ಲಿ ಯಾವ ಗಂಡಸಿಗೂ ಸಿಕ್ಕಿರಲಿಕ್ಕಿಲ್ಲ.

ಇಷ್ಟೆಲ್ಲ ನಗುವಿನ ನಡುವೆ ಅವ್ವನ ದುಃಖ ಮಾತ್ರ ಅಲ್ಲೇ ಇತ್ತು. ಕಡೂರಿಗೆ ಹೋದಾಗ ಸ್ಟೇಷನ್ನಿನಲ್ಲಿ ರೈಲು ಕೂಗಿದರೆ ಅವಳು ಮಾತು ನಿಲ್ಲಿಸುವಳು. ಬೀರೂರು ದಾಟಿದರೆ ಅಜ್ಜಂಪುರ, ಅಷ್ಟೇ ದೂರ. ವರ್ಷಕ್ಕೊಮ್ಮೆ ಅಂತರಘಟ್ಟೆಯ ದೇವಿಯ ಜಾತ್ರೆಗೆ ಹೋಗುತ್ತಿದ್ದೆವು. ಅಮ್ಮನ ಗುಡಿ ಯಾರ ಮನೆಯ ಹೊಸ್ತಿಲೂ ಅಲ್ಲವಲ್ಲ, ಅಲ್ಲಿಗೆ ಅಜ್ಜಂಪುರದ ಅಜ್ಜಿ, ಅವ್ವನ ಅವ್ವ, ಬರುತ್ತಿದ್ದಳು. ತಾಯಿ ಮಗಳು ಗುಡಿಯ ಹಿಂದೆ ಮರದ ನೆರಳಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದರು. ಅಜ್ಜಿ ಅವ್ವನ ತಲೆ ಬಿಚ್ಚಿ ಹೇನು ನೋಡುವ ನೆಪದಲ್ಲಿ ಸುಮ್ಮನೆ ಕೈಯಾಡಿಸುವಳು. ಬಿಸಿಲಲ್ಲಿ ಬಾಯಾರಿದರೆ ಅವ್ವ ನಮ್ಮ ಮನೆಯಿಂದ ತಂದ ತಂಬಿಗೆಯಿಂದ ಕುಡಿಯುವಳು, ಅವಳ ಅವ್ವ ತನ್ನ ತಂಬಿಗೆಯಿಂದ. ಎರಡು ತಂಬಿಗೆ ಪಕ್ಕಪಕ್ಕದಲ್ಲೇ ಇರುತ್ತಿದ್ದವು. ಒಂದರಿಂದ ಒಂದಕ್ಕೆ ಹನಿ ನೀರು ಹೋಗುತ್ತಿರಲಿಲ್ಲ. ಸತ್ತವನ ಮಾತನ್ನು ಇಬ್ಬರು ಹೆಂಗಸರು ಅಷ್ಟು ಚಾಚೂ ತಪ್ಪದೆ ನಡೆಸಿದರು.

ನನಗೆ ಎಂಟು ವರ್ಷವಿದ್ದಾಗ, ಆ ಸಲ ಅಂತರಘಟ್ಟೆಗೆ ಅಜ್ಜಂಪುರದ ಅಜ್ಜಿ ಬರಲಿಲ್ಲ. ಅವ್ವ ದಾರಿ ನೋಡಿ ನೋಡಿ ತಂಬಿಗೆ ಹಾಗೇ ಎತ್ತಿಕೊಂಡು ವಾಪಸಾದಳು. ವಾರ ಕಳೆಯುವಷ್ಟರಲ್ಲಿ ಒಂದು ಬೆಳಿಗ್ಗೆ ಅವ್ವನ ಅಣ್ಣ ನಮ್ಮ ಬೀದಿಯಲ್ಲಿ ಕಾಣಿಸಿಕೊಂಡರು. ಅಷ್ಟು ವರ್ಷಗಳಲ್ಲಿ ಅವರು ನಮ್ಮೂರಿಗೆ ಕಾಲಿಟ್ಟದ್ದು ಅದೇ ಮೊದಲು. ಮನೆಯ ಹತ್ತಿರ ಬರಲಿಲ್ಲ. ಎದುರಿನ ಹೊಂಗೆ ಮರದ ಕೆಳಗೆ ಚಪ್ಪಲಿ ಬಿಟ್ಟು, ಟವೆಲ್ಲು ಕಂಕುಳಲ್ಲಿ ಇಟ್ಟುಕೊಂಡು, ಜಗಲಿಯ ಮೇಲಿದ್ದ ದೊಡ್ಡಪ್ಪನಿಗೆ ಅಲ್ಲಿಂದಲೇ ಹೇಳಿದರು. "ಅವ್ವಂಗೆ ಆಗ್ತಿಲ್ಲ ಭಾವ. ಅನ್ನ ಬಿಟ್ಟವ್ಳೆ. ಮಗಳನ್ನ ನೋಡ್ಬೇಕು ಅಂತ ಅದೊಂದೇ. ಒಂದ್ಸಲ ಕಳಿಸ್ಕೊಡಿ."

ದೊಡ್ಡಪ್ಪ ಕಲ್ಲು ಮನಸ್ಸಿನವರಲ್ಲ, ಮುಖ ಕಪ್ಪಾಗಿತ್ತು. "ನಾನೇನು ಮಾಡ್ಲಪ್ಪ. ಅದು ನಾನು ಹಾಕಿದ ಮಾತಲ್ಲ. ಹಾಕಿದೋರೇ ಬಿಡಿಸ್ಬೇಕಿತ್ತು, ಬಿಡಿಸ್ದೆ ಹೋದ್ರು. ಹೆತ್ತಪ್ಪನ ಮಾತು ಮುರಿದು ನಾನು ಯಾವ ಮುಖ ಹೊತ್ತು ತಿರುಗ್ಲಿ" ಅಂದರು. ಅಪ್ಪ ಕಂಬ ಒರಗಿ ನಿಂತು ನೆಲ ನೋಡುತ್ತಿದ್ದ. ಅಣ್ಣನ ಎದುರು ಅವನ ಧೈರ್ಯ ಅಷ್ಟಕ್ಕಷ್ಟೇ. ನಾನು ಮಣೆಯ ಮೇಲೆ ಕೂತು ಅಜ್ಜಿಯ ಜೊತೆ ಅವರೆಕಾಯಿ ಸುಲಿಯುತ್ತಿದ್ದೆ. ಆಗ ಅಡುಗೆಮನೆಯಿಂದ ಅವ್ವ ಹೊರಗೆ ಬಂದಳು. ಭಾವನವರು ಕೂತಿರುವಾಗ ಪಡಸಾಲೆಯಲ್ಲಿ ತಲೆ ಎತ್ತಿ ನಿಂತವಳಲ್ಲ ಅವಳು. ಅಂದು ಸೆರಗನ್ನು ತಲೆ ಮೇಲೆ ಎಳೆದುಕೊಂಡು ಯಾರನ್ನೂ ನೋಡದೆ ನೆಟ್ಟಗೆ ಬಂದು ನನ್ನ ಮುಂದೆ ನಿಂತಳು.

"ಮಾವಾರೇ" ಅಂದಳು, "ನಮ್ಮವ್ವ ಸಾಯ್ತಾವ್ಳೆ. ನೀವು ಹಾಕಿದ ಮಾತು, ನೀವೇ ಬಿಡಿಸ್ಬೇಕು. ನಾನು ಹೋಗಿ ಬರ್ಲಾ?"

ದಿನವೂ ಆಡುತ್ತಿದ್ದ ಆಟ ಎಂದುಕೊಂಡು ನಾನು ನಗಲು ಹೊರಟೆ. ಅವ್ವನ ಮುಖ ನೋಡಿ ನಗು ಅಲ್ಲೇ ನಿಂತಿತು. ಅವಳು ಆಡುತ್ತಿರಲಿಲ್ಲ. ನನ್ನನ್ನು ಮಗುವನ್ನು ನೋಡುವ ಹಾಗೆ ನೋಡುತ್ತಿರಲಿಲ್ಲ, ಒಬ್ಬ ಹಿರಿಯನನ್ನು ಬೇಡುವ ಹಾಗೆ ನೋಡುತ್ತಿದ್ದಳು. ನನಗೆ ಹೆದರಿಕೆಯಾಯಿತು. ಅಜ್ಜಿಯ ಕಡೆ ತಿರುಗಿದೆ. ಸುಲಿಯುವುದನ್ನು ಬಿಟ್ಟು ಅವಳೂ ನನ್ನನ್ನೇ ನೋಡುತ್ತ, ನನ್ನ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದಳು. ಹೇಳಿಕೊಡಲಿಲ್ಲ, ಸನ್ನೆ ಮಾಡಲಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ. "ಹೋಗಿ ಬಾರವ್ವ. ನಾನು ಬಿಡಿಸಿದೀನಿ" ಅಂದೆ. ಆಮೇಲೆ ಅಳು ಒತ್ತಿ ಬಂತು. "ನಾನೂ ಬತ್ತೀನಿ."

"ಇದು ಮಕ್ಕಳಾಟ ಅಲ್ಲ" ಎಂದರು ದೊಡ್ಡಪ್ಪ ಮೆಲ್ಲಗೆ.

ಅಜ್ಜಿ ಮಡಿಲಲ್ಲಿದ್ದ ಸಿಪ್ಪೆ ಕೊಡವಿ ಎದ್ದಳು. ದನಿ ಏರಿಸಲಿಲ್ಲ. "ಆಟನೇನೋ? ವರ್ಷ ವರ್ಷ ಚಪ್ಪಲಿ ಬಿಟ್ಟು ಇವರ ಕೈಲಿ ಬೀಜ ಹಾಕಿಸ್ದೆಯಲ್ಲ, ಆವಾಗ ಆಟ ಅಂದ್ಯಾ? ಇವರಿಗೆ ಮೊದಲು ಬಡಿಸಿ ನಿನಗೆ ಆಮೇಲೆ ಬಡಿಸ್ದೆ, ಆವಾಗ ಅಂದ್ಯಾ? ಬೀಜಕ್ಕೆ ಆಗೋ ಅಪ್ಪಯ್ಯ ಮಾತಿಗೆ ಆಗ್ದೆ ಹೋದ್ರೆ, ಈ ಮಗೀಗೆ ಆ ಹೆಸರು ಯಾಕಿಟ್ಟೆ ನಾನು?" ಎಂದಳು. ಮಗನ ಹತ್ತಿರ ಹೋಗಿ, "ಅವರು ಹೋಗೋ ದಿನ ನಿನ್ನ ತಮ್ಮನ ಹೆಂಡ್ತಿ ಕಡೆ ನೋಡಿ ಬಾಯಿ ಆಡಿಸಿದ್ರು ಕಣೋ. ಏನಂದ್ರು ಅಂತ ನಂಗೊತ್ತು. ಯಾರೂ ಕೇಳಿಸ್ಕಳ್ಳಲಿಲ್ಲ. ಈಗ ಕೇಳಿಸ್ತಲ್ಲ" ಎಂದಳು.

ದೊಡ್ಡಪ್ಪ ಎದ್ದು ಟವೆಲ್ಲನ್ನು ಒಮ್ಮೆ ಝಾಡಿಸಿ ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆಯ ಕಡೆ ನಡೆದರು. ಯಾಕೆ ಹೋದರೆಂದು ಯಾರಿಗೂ ತಿಳಿಯಲಿಲ್ಲ. ಗಾಡಿಯ ನೊಗ ಎತ್ತಿದ ಸದ್ದು ಕೇಳಿದ ಮೇಲೆ ಅಪ್ಪ ಕಣ್ಣೊರೆಸಿಕೊಂಡ. ಅವ್ವ ಬಗ್ಗಿ ನನ್ನ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ತವರಿಗೆ ಹೊರಡುವ ಸೊಸೆ ಮಾವನ ಕಾಲಿಗೆ ಬೀಳುವುದು ಪದ್ಧತಿ. ಆದರೆ ಹೆತ್ತ ತಾಯಿಯ ಬಿಸಿ ಕೈ ನನ್ನ ಮಣ್ಣುಗಾಲ ಮೇಲೆ ಇದ್ದದ್ದು ನೆನಪಾದರೆ ನಾನು ಈಗಲೂ ಪಾದ ಒಳಗೆ ಎಳೆದುಕೊಳ್ಳುತ್ತೇನೆ.

ದೊಡ್ಡಪ್ಪ ನಮ್ಮನ್ನು ಕಡೂರಿನಲ್ಲಿ ಬಿಟ್ಟು ವಾಪಸಾಗಲಿಲ್ಲ. ಗಾಡಿಯನ್ನು ಗೊತ್ತಿದ್ದವರ ಮನೆಯಲ್ಲಿ ನಿಲ್ಲಿಸಿ ತಾವೂ ರೈಲು ಹತ್ತಿದರು. ಅಜ್ಜಂಪುರದ ಆ ಮನೆಯ ಮುಂದೆ ಅವ್ವ ಹೊಸ್ತಿಲಿನ ಈಚೆಗೇ ನಿಂತುಬಿಟ್ಟಳು. ದೊಡ್ಡಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟು, "ನೀನು ಮುಂದೆ ನಡಿ ಅಪ್ಪಯ್ಯ" ಅಂದರು. ನಾನು ಹೊಸ್ತಿಲು ದಾಟಿದೆ. ಒಳಗಿಂದ ಯಾರೋ ಚೊಂಬಲ್ಲಿ ನೀರು ತಂದುಕೊಟ್ಟರು. ನಾನು ಕುಡಿದು ಅವ್ವನಿಗೆ ಕೊಟ್ಟೆ. ಅವಳು ಹೊಸ್ತಿಲ ಮೇಲೆ ನಿಂತು ಗಟಗಟನೆ ಅಷ್ಟೂ ಕುಡಿದಳು. ಕತ್ತಿನ ಮೇಲೆಲ್ಲ ಚೆಲ್ಲಿಕೊಂಡಳು. ಕೋಣೆಯಲ್ಲಿ ಮಲಗಿದ್ದ ಅಜ್ಜಿ ಹಾಸಿಗೆಗೆ ಅಂಟಿಹೋಗಿದ್ದಳು. ಮಗಳ ಕೈ ಹಿಡಿದುಕೊಂಡೇ ನನ್ನ ಕಡೆ ನೋಡಿ, ನನ್ನ ಹೆಸರಿನ ವಿಷಯ ತಿಳಿದಿದ್ದವಳಲ್ಲವೇ, ಕೈ ಮುಗಿಯಲು ಹೋದಳು. "ಬೀಗ್ರೇ" ಅಂದಳು, "ಎತ್ತಿನ ಸಿಟ್ಟು ಇಳೀತಾ?" ಎಂಟು ವರ್ಷದ ನನಗೆ ಏನು ತಿಳಿಯುತ್ತಿತ್ತೋ ನಾನರಿಯೆ. "ಇಳೀತು" ಅಂದೆ. ಹಿಂದೆ ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ ಗೋಡೆಗೆ ಮುಖ ತಿರುಗಿಸಿಕೊಂಡರು. ಅವ್ವ ಅಲ್ಲೇ ಉಳಿದಳು. ಮುಂದಿನ ಅಮಾವಾಸ್ಯೆಯವರೆಗೂ ಆ ಅಜ್ಜಿ ಇದ್ದಳು.

ನನ್ನನ್ನು ಹಾಗೆ ಕರೆದವರು ಒಬ್ಬೊಬ್ಬರಾಗಿ ಹೋದರು. ಮನೆ ಪಾಲಾಯಿತು, ಪಡಸಾಲೆಯ ನಡುವೆ ಗೋಡೆ ಬಂತು, ಕೊಟ್ಟಿಗೆ ಇದ್ದಲ್ಲಿ ಈಗ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ. ನೋಡಿಕೊಂಡು ಬಂದಾಗಲೆಲ್ಲ ಸಂಕಟವಾಗುತ್ತದೆ, ಸುಳ್ಳೇಕೆ. ಆದರೆ ಸಂಕಟಕ್ಕಿಂತ ದೊಡ್ಡದೊಂದು ಉಳಿದಿದೆ. ಮುದ್ದಿಗೆ ಹೆಣ್ಣುಮಕ್ಕಳನ್ನು ಅಣ್ಣ, ಅಪ್ಪ, ರಾಜ ಎಂದೆಲ್ಲ ಕರೆಯುವ ಮನೆಗಳನ್ನು ನಾನು ಬಹಳ ಕಂಡಿದ್ದೇನೆ. ಮಾತಿನ ಹೊತ್ತು ಬಂದಾಗ, ನೀನು ಸುಮ್ಮನೆ ಕೂತ್ಕೋ ಎಂದು ಒಳಗೆ ಕಳಿಸುವುದನ್ನೂ ಕಂಡಿದ್ದೇನೆ. ನಮ್ಮ ಮನೆಯವರು ಹಾಗೆ ಮಾಡಲಿಲ್ಲ. ಹೆಸರು ಕೊಟ್ಟವರು, ಆ ಹೆಸರಿನ ಬಾಯಿಂದ ಬಂದ ಮಾತಿಗೆ ಎದ್ದು ಗಾಡಿ ಕಟ್ಟಿದರು. ಆ ಮುದುಕಿಗೆ, ಆ ಬಿಗಿ ಮೋರೆಯ ದೊಡ್ಡಪ್ಪನಿಗೆ, ಕಾಣದೇ ಹೋದ ಆ ಸಿಡುಕ ಅಜ್ಜನಿಗೂ ನಾನು ಕೈ ಮುಗಿಯುತ್ತೇನೆ.

ಅವ್ವ ತೀರಿಕೊಳ್ಳುವ ಹಿಂದಿನ ವರ್ಷ, ಅವಳ ತಲೆಗೆ ಎಣ್ಣೆ ಹಚ್ಚುತ್ತ ಕೇಳಿದೆ. "ನಿಜ ಹೇಳವ್ವ, ನಾನು ನಿನ್ನ ಮಾವ ಅಂತ ನಂಬಿದ್ಯಾ?"

ಅವಳು ತನ್ನ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡಳು. ಆಮೇಲೆ ಹೇಳಿದಳು: "ನಂಬಿದ್ನೋ ಬಿಟ್ನೋ, ಯಾರಿಗ್ಗೊತ್ತು. ನಮ್ಮವ್ವನ ಬಾಯಿಗೆ ಕೊನೇ ನೀರು ಬಿಟ್ಟಿದ್ದು ಈ ಕೈ. ಅದು ನೀವು ಕೊಟ್ಟಿದ್ದು ಮಾವಾರೇ."